ಎರವಲು ಪದವೊಂದರ ಎರಡು ದಾರಿ

2020ನೆಯ ಇಸವಿಯ ಬೇಸಗೆಯಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ನನಗೆ ಜೊತೆಯಾಗಿದ್ದುದು ಹಳೆಯದೊಂದು ರೇಡಿಯೋ ಪೆಟ್ಟಿಗೆ. ದೂರದೇಶಗಳ ವಾರ್ತೆಗಳನ್ನು ಹುಡುಕಿ ಕೇಳುವ ಚಪಲ ನನಗೆ ಬಾಲ್ಯದಿಂದಲೂ ಉಂಟು. ಭಾಷೆ ಅರ್ಥವಾಗದಿದ್ದರೂ ನಷ್ಟವಿಲ್ಲ; ಅರ್ಥದ ಹಂಗಿಲ್ಲದೆ ಬರಿಯ ದನಿಯನ್ನು ಕೇಳುವುದರಲ್ಲಿ ಒಂದು ಬಗೆಯ ಸುಖವಿದೆ. ಒಂದು ರಾತ್ರಿ ಕೊರಿಯಾದ ಎರಡು ಭಾಗಗಳ ವಾರ್ತೆಗಳೂ ಒಂದರ ಹಿಂದೊಂದು ಸಿಕ್ಕವು. ಎರಡು ಕಡೆಯೂ ಒಂದೇ ಸುದ್ದಿ. ಆ ದಿನಗಳಲ್ಲಿ ಜಗತ್ತಿಗೆಲ್ಲ ಇದ್ದದ್ದು ಒಂದೇ ಸುದ್ದಿ ತಾನೆ! ದಕ್ಷಿಣದ ವಾರ್ತೆಯಲ್ಲಿ ಮತ್ತೆ ಮತ್ತೆ ಕಿವಿಗೆ ಬಿದ್ದ ಮಾತು ‘ಕೊರೊನಾ ಬಾಇರೊಸು’. ಉತ್ತರದ ವಾರ್ತೆಯಲ್ಲಿ ಅದೇ ಜಾಗದಲ್ಲಿ ಕೇಳಿಸಿದ್ದು ‘ಕೊರೊನಾ ಬಿರುಸು’.

ಬಿರುಸು! ಕನ್ನಡದ ಕಿವಿ ನೆಟ್ಟಗಾಗಲು ಇನ್ನೇನು ಬೇಕು? ಬಿರುಸಾದ ಮಳೆಯನ್ನು ಬಲ್ಲೆವು, ಬಿರುಸು ಮಾತನ್ನು ಬಲ್ಲೆವು, ಜಾತ್ರೆಯ ರಾತ್ರಿ ಆಕಾಶಕ್ಕೆ ಹಾರುವ ಬಾಣಬಿರುಸುಗಳನ್ನೂ ಬಲ್ಲೆವು. ಜಗತ್ತನ್ನೇ ಅಲುಗಿಸಿದ ರೋಗಕ್ಕೆ ಇದಕ್ಕಿಂತ ತಕ್ಕ ಹೆಸರುಂಟೇ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಭಾಷೆಗಳ ವಿಚಾರದಲ್ಲಿ ಒಂದಿಷ್ಟು ಕೈಯಾಡಿಸಿದವರು ಮೊದಲು ಕಲಿಯಬೇಕಾದ ಪಾಠವೆಂದರೆ, ದನಿಯ ಹೋಲಿಕೆ ನೆಂಟಸ್ತಿಕೆಗೆ ಸಾಕ್ಷಿಯಲ್ಲ ಎಂಬುದು. ದಾರಿಯಲ್ಲಿ ಎದುರಾದ ಅಪರಿಚಿತನೊಬ್ಬ ಸೋದರಮಾವನಂತೆ ಕಂಡರೆ ಅವನು ಸೋದರಮಾವನಾಗಿಬಿಡುವುದಿಲ್ಲ. ಕನ್ನಡದ ಬಿರುಸಿಗೂ ಕೊರಿಯದ ಬಿರುಸಿಗೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಸಂಬಂಧ ಯಾರೊಡನೆ? ಒಂದೇ ಜನ, ಒಂದೇ ನುಡಿ, ಒಂದೇ ಲಿಪಿ. ವೈರಸ್ ಎಂಬ ಒಂದೇ ವಸ್ತು. ಹೀಗಿರುವಾಗ ಹೆಸರು ಮಾತ್ರ ಎರಡಾದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಕಂಡ ಸಂಗತಿಗಳನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ. ನಾನು ಕೊರಿಯ ಭಾಷೆಯಲ್ಲಿ ಪಂಡಿತನಲ್ಲ. ಆದರೆ ಪದವೊಂದರ ಹೆಜ್ಜೆಯ ಗುರುತನ್ನು ಹಿಡಿದು ನಡೆಯಲು ಪಾಂಡಿತ್ಯಕ್ಕಿಂತ ತಾಳ್ಮೆ ಹೆಚ್ಚು ಬೇಕು.

ಮೊದಲು ಪದದ ಮೂಲಮನೆಗೆ ಹೋಗೋಣ. ವೈರಸ್ ಎಂಬುದು ಹುಟ್ಟಿನಲ್ಲಿ ಲ್ಯಾಟಿನ್ ಪದ. ಪ್ರಾಚೀನ ರೋಮನರು ಅದನ್ನು ‘ವೀರುಸ್’ ಎಂದು, ತುಟಿಗಳನ್ನು ದುಂಡಗೆ ಮಾಡಿ, ಉಕಾರದಿಂದ ಜಾರಿಬಂದ ವಕಾರದೊಡನೆ ನುಡಿಯುತ್ತಿದ್ದರು. ಹಾವಿನ ನಂಜು, ಗಿಡದ ಲೋಳೆರಸ, ದುರ್ವಾಸನೆಯ ದ್ರವ, ಇವು ಅದರ ಅರ್ಥಗಳು. ಭಾಷಾಶಾಸ್ತ್ರಜ್ಞರು ಇದನ್ನು ಸಂಸ್ಕೃತದ ‘ವಿಷ’ ಶಬ್ದದ ಒಡಹುಟ್ಟು ಎಂದು ನಿರ್ಣಯಿಸಿದ್ದಾರೆ. ಎರಡು ಸ್ವರಗಳ ನಡುವೆ ಇದ್ದ ಸಕಾರ ಲ್ಯಾಟಿನ್ನಿನಲ್ಲಿ ರಕಾರವಾಗಿ ಮಾರ್ಪಟ್ಟಿತು. ಸಂಸ್ಕೃತದಲ್ಲಿ ಅದು ಷಕಾರವಾಗಿ ಉಳಿಯಿತು. ಈ ಮಾರ್ಪಾಟು ಒಂದು ಪದದಲ್ಲಿ ಆಕಸ್ಮಿಕವಾಗಿ ಕಂಡುಬಂದದ್ದಲ್ಲ, ಅನೇಕ ಪದಗಳಲ್ಲಿ ನಿಯಮದಂತೆ ನಡೆದದ್ದು. ನೋಡಿ, ಎಂತಹ ವಿನೋದ! ಕಿವಿಗೆ ನೆಂಟನಂತೆ ಕೇಳಿಸಿದ ಬಿರುಸು ಪರಕೀಯ. ಹೋಲಿಕೆಯೇ ತೋರದ ವಿಷ ನಿಜವಾದ ದಾಯಾದಿ. ಸಂಸ್ಕೃತದಿಂದ ಎರವಲು ತಂದ ಪದವೇ ಆದರೂ ವಿಷ ಇಂದು ನಮ್ಮ ಮನೆಮಾತು. ಅಷ್ಟರಮಟ್ಟಿಗೆ ವೈರಸ್ ನಮಗೆ ಹೊಸಬನಲ್ಲ.

ವಿಷವೆಂಬ ಅರ್ಥದ ಈ ಪದಕ್ಕೆ ಇಂದಿನ ಅರ್ಥ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಪಾಶ್ಚರನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಚೇಂಬರ್ಲೆಂಡ್ 1884ರಲ್ಲಿ ಮೆರುಗು ಹಚ್ಚದ ಪಿಂಗಾಣಿಯ ಶೋಧಕವೊಂದನ್ನು ಸಿದ್ಧಪಡಿಸಿದ. ಅದರ ರಂಧ್ರಗಳು ಎಷ್ಟು ಸೂಕ್ಷ್ಮವೆಂದರೆ ಬ್ಯಾಕ್ಟೀರಿಯಾಗಳು ಕೂಡ ಅದರಲ್ಲಿ ತೂರಲಾರವು. 1892ರಲ್ಲಿ ರಷ್ಯದ ಇವಾನೋವ್‌ಸ್ಕಿ ರೋಗ ಹತ್ತಿದ ಹೊಗೆಸೊಪ್ಪಿನ ಎಲೆಗಳ ರಸವನ್ನು ಈ ಬಗೆಯ ಶೋಧಕದಲ್ಲಿ ಸೋಸಿ ನೋಡಿದ. ಸೋಸಿದ ತಿಳಿರಸವೂ ಹೊಸ ಗಿಡಗಳಿಗೆ ರೋಗವನ್ನು ಹತ್ತಿಸಿತು. 1898ರಲ್ಲಿ ಹಾಲೆಂಡಿನ ಬೈಯರಿಂಕ್ ಅದೇ ಪ್ರಯೋಗವನ್ನು ಮುಂದುವರಿಸಿ, ಇದು ಬ್ಯಾಕ್ಟೀರಿಯಾಗಳಿಗಿಂತ ಬೇರೆಯಾದ ಒಂದು ಜೀವಂತ ದ್ರವವೆಂದು ವಾದಿಸಿ, ಅದಕ್ಕೆ ವೈರಸ್ ಎಂಬ ಹಳೆಯ ಪದವನ್ನು ಬಳಸಿದ. ಅದೇ ವರ್ಷ ಜರ್ಮನಿಯ ಲೋಫ್ಲರ್ ಮತ್ತು ಫ್ರೋಷ್ ದನಗಳ ಕಾಲುಬಾಯಿ ಜ್ವರಕ್ಕೂ ಇಂತಹುದೇ ಕಾರಣವೆಂದು ತೋರಿಸಿಕೊಟ್ಟರು. ಬಹುಕಾಲದವರೆಗೆ ವಿಜ್ಞಾನಿಗಳು ಇದನ್ನು ‘ಸೋಸಿ ಹೋಗುವ ವೈರಸ್’ ಎಂದೇ ಕರೆಯುತ್ತಿದ್ದರು. ಕ್ರಮೇಣ ವಿಶೇಷಣ ಉದುರಿತು, ವಿಶೇಷ್ಯ ಉಳಿಯಿತು.

ಈಗ ಪೂರ್ವದೇಶಗಳಿಗೆ ಬರೋಣ. ಜಪಾನ್ 1868ರ ಬಳಿಕ ಪಾಶ್ಚಾತ್ಯ ವಿದ್ಯೆಗಳನ್ನು ಆತುರದಿಂದ ಕಲಿಯತೊಡಗಿದಾಗ, ವೈದ್ಯಕ್ಕೆ ಗುರುವನ್ನಾಗಿ ಆರಿಸಿಕೊಂಡದ್ದು ಜರ್ಮನಿಯನ್ನು. 1871ರಲ್ಲಿ ಮ್ಯುಲರ್ ಮತ್ತು ಹಾಫ್‌ಮನ್ ಎಂಬ ಇಬ್ಬರು ಜರ್ಮನ್ ಸೇನಾವೈದ್ಯರು ಟೋಕಿಯೋಗೆ ಬಂದಿಳಿದರು. ಅಲ್ಲಿಂದ ಮುಂದೆ ಹಲವು ದಶಕಗಳ ಕಾಲ ಜಪಾನಿನ ವೈದ್ಯ ವಿದ್ಯಾರ್ಥಿಗಳಿಗೆ ಜರ್ಮನ್ ಎಂಬುದು ನಮ್ಮ ಪಂಡಿತರಿಗೆ ಸಂಸ್ಕೃತ ಇದ್ದ ಹಾಗೆ. ರೋಗಿಯ ವಿವರ ಬರೆಯುವ ಕಾಗದಕ್ಕೂ ಜರ್ಮನ್ ಹೆಸರು, ಮುರಿದ ಕೈಗೆ ಹಾಕುವ ಸುಣ್ಣದ ಪಟ್ಟಿಗೂ ಜರ್ಮನ್ ಹೆಸರು. ಜರ್ಮನರು ಲ್ಯಾಟಿನ್ನಿನ ಪದವನ್ನು ‘ವೀರುಸ್’ ಎಂದು ನಮ್ಮ ವಕಾರದಿಂದಲೇ ನುಡಿಯುತ್ತಾರೆ. ಜಪಾನೀಯರ ನಾಲಗೆಗೆ ಆ ವಕಾರ ಒಗ್ಗದು, ಅದು ಬಕಾರವಾಯಿತು. ಪದಾಂತ್ಯದ ವ್ಯಂಜನವೂ ಒಗ್ಗದು; ಅದಕ್ಕೊಂದು ಉಕಾರ ಅಂಟಿತು. ಹೀಗೆ ಹುಟ್ಟಿದ್ದು ‘ಬೀರುಸು’.

1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. ಮುಂದಿನ ಮೂವತ್ತೈದು ವರ್ಷ ಕೊರಿಯಾದ ತರುಣನಿಗೆ ವೈದ್ಯಶಾಸ್ತ್ರ ದೊರೆಯಬೇಕಾದರೆ ಅದು ಬಹುಮಟ್ಟಿಗೆ ಜಪಾನೀ ಪುಸ್ತಕಗಳಿಂದ, ಜಪಾನೀ ಅಧ್ಯಾಪಕರ ಬಾಯಿಂದಲೇ ದೊರೆಯಬೇಕಾಗಿತ್ತು. ಅಮೆರಿಕದ ಪಾದ್ರಿಗಳು ನಡೆಸುತ್ತಿದ್ದ ಸೆವರೆನ್ಸ್ ಆಸ್ಪತ್ರೆಯಂತಹ ಕೆಲವೆಡೆ ಇಂಗ್ಲಿಷಿನ ಗಾಳಿ ಸುಳಿಯುತ್ತಿತ್ತು, ನಿಜ. ಆದರೆ ಸಾಮ್ರಾಜ್ಯದ ವಿಶ್ವವಿದ್ಯಾನಿಲಯ ಸ್ಥಾಪಿತವಾಗಿ, 1926ರಲ್ಲಿ ಅದರ ವೈದ್ಯವಿಭಾಗ ತೆರೆದ ಮೇಲೆ, ಜರ್ಮನ್ ವಿದ್ಯೆಯ ಜಪಾನೀ ರೂಪವೇ ಅಲ್ಲಿ ಪ್ರಮಾಣವಾಯಿತು. ಜಪಾನಿನ ಬೀರುಸು ಕೊರಿಯಾಕ್ಕೆ ಬಂದು, ದೀರ್ಘವನ್ನು ಹ್ರಸ್ವ ಮಾಡಿಕೊಂಡು ‘ಬಿರುಸು’ ಆಯಿತು. ರೋಮಿನಿಂದ ಬರ್ಲಿನ್ನಿಗೆ, ಬರ್ಲಿನ್ನಿನಿಂದ ಟೋಕಿಯೋಗೆ, ಟೋಕಿಯೋದಿಂದ ಸೋಲ್ ನಗರಕ್ಕೆ, ಇದು ಆ ಪದದ ಮೊದಲನೆಯ ದಾರಿ.

ಕೊರಿಯದಲ್ಲಿ ಇದಕ್ಕೆ ದೇಶದೊಳಗಿನ ಮಾತೇ ಇರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಚೀನೀ ಅಕ್ಷರಗಳಿಂದ ಕಟ್ಟಿದ ‘ಬ್ಯೊಂಗ್‌ದೊಕ್’ ಎಂಬ ಮಾತು ಇತ್ತು. ರೋಗವಿಷ ಎಂದು ಅದರ ಅರ್ಥ. ಅದೇ ಎರಡು ಅಕ್ಷರಗಳನ್ನು ತಮ್ಮ ರೀತಿಯಲ್ಲಿ ಓದಿ ಚೀನೀಯರು ಇಂದಿಗೂ ವೈರಸ್ಸಿಗೆ ಬಳಸುತ್ತಾರೆ. ರೋಮನರ ಮೂಲಾರ್ಥ ಅಲ್ಲಿ ಅನುವಾದವಾಗಿ ಉಳಿದುಕೊಂಡಿದೆ. ಆದರೆ ಹಿಂದೆ ಈ ಮಾತು ಎಲ್ಲ ಬಗೆಯ ರೋಗದ ನಂಜಿಗೂ ಸಲ್ಲುತ್ತಿತ್ತು. ಬ್ಯಾಕ್ಟೀರಿಯಾದಿಂದ ಬೇರೆಯಾದ ಹೊಸ ವಸ್ತುವೊಂದನ್ನು ಗುರುತಿಸಿ ಹೇಳಬೇಕಾದಾಗ, ಎಲ್ಲರಿಗೂ ಸಲ್ಲುವ ಮಾತು ಯಾರಿಗೂ ಸಾಲದೆ ಹೋಯಿತು. ‘ಸೋಸಿ ಹೋಗುವ ರೋಗಕಾರಕ’ ಎಂಬ ಉದ್ದನೆಯ ಸಮಾಸವನ್ನೂ ಕಟ್ಟಿದರು. ಅದು ಪುಸ್ತಕಗಳಲ್ಲಿ ಕುಳಿತಿತೇ ಹೊರತು ನಾಲಗೆಯ ಮೇಲೆ ನಿಲ್ಲಲಿಲ್ಲ.

ಎರವಲು ಪದ ಹೊಸ ಮನೆಗೆ ಕಾಲಿಡುವಾಗ ಆ ಮನೆಯ ನಡವಳಿಕೆಯನ್ನು ಒಪ್ಪಿಕೊಳ್ಳಲೇಬೇಕು. ಕೊರಿಯದ ಲಿಪಿಯನ್ನು ಸೇಜೊಂಗ್ ಎಂಬ ದೊರೆ 1443ರಲ್ಲಿ ರಚಿಸಿ 1446ರಲ್ಲಿ ಪ್ರಜೆಗಳಿಗೆ ಸಾರಿದ. ಅಂದು ಅದರಲ್ಲಿ 28 ಅಕ್ಷರಗಳು, ಇಂದು 24. ತುಟಿಗಳನ್ನು ಪೂರ್ತಿ ಮುಚ್ಚದೆ ನುಡಿಯುವ ಹಗುರವಾದ ಬಕಾರಕ್ಕೆ ಆ ಮೊದಲ ದಿನಗಳಲ್ಲಿ ಪ್ರತ್ಯೇಕ ಬರಹವೊಂದು ಇತ್ತು. ನಮ್ಮ ವಕಾರಕ್ಕೆ ತೀರ ಹತ್ತಿರದ ದನಿ ಅದು. ಆದರೆ ಆಡುಮಾತಿನಲ್ಲಿ ಆ ದನಿ ಅಳಿದುದರಿಂದ ಹದಿನೈದನೆಯ ಶತಮಾನ ಮುಗಿಯುವ ಮೊದಲೇ ಆ ಬರಹವೂ ಅಳಿಯಿತು. ಹಳಗನ್ನಡದ ಱ, ೞ ಅಕ್ಷರಗಳಿಗೆ ಒದಗಿದ ಗತಿಯನ್ನು ಬಲ್ಲ ಕನ್ನಡಿಗರಿಗೆ ಇದು ವಿಚಿತ್ರವಾಗಿ ತೋರಲಾರದು. ಐನೂರು ವರ್ಷಗಳ ಮೇಲೆ ಯುರೋಪಿನ ವಕಾರ ಬಾಗಿಲು ತಟ್ಟಿದಾಗ, ಅದಕ್ಕೆ ಒಪ್ಪುವ ಅಕ್ಷರ ಮನೆಯಲ್ಲಿರಲಿಲ್ಲ. ಬಕಾರವೇ ಗತಿಯಾಯಿತು.

ಇದನ್ನು ಕಂಡು ನಗುವ ಮುನ್ನ ನಾವು ನಮ್ಮ ಕೇಶಿರಾಜನನ್ನು ನೆನೆಯಬೇಕು. ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಅವನು ಲೆಕ್ಕವಿಟ್ಟು ತೋರಿಸಿರುವುದೆಲ್ಲ ಇಂತಹ ಮಾರ್ಪಾಟುಗಳನ್ನೇ. ವಿದ್ಯೆ ನಮ್ಮಲ್ಲಿ ಬಿಜ್ಜೆಯಾಯಿತು, ವಂಧ್ಯೆ ಬಂಜೆಯಾದಳು, ವೃಷಭ ಬಸವನಾದ. ವಕಾರವನ್ನು ಬಕಾರ ಮಾಡಿಕೊಳ್ಳುವ ಚಾಳಿ ನಮ್ಮದೂ ಹೌದು. ಕೊನೆಯ ಉಕಾರದ ಮಾತಂತೂ ಹೇಳಬೇಕಾದುದೇ ಇಲ್ಲ. ಬಸ್ ನಮ್ಮಲ್ಲಿ ಬಸ್ಸು, ಕಾರ್ ಕಾರು, ಬುಕ್ ಬುಕ್ಕು. ಕೊರಿಯದವರೂ ಸಕಾರವನ್ನು ಪದದ ಕೊನೆಯಲ್ಲಿ ಒಂಟಿಯಾಗಿ ನಿಲ್ಲಗೊಡದೆ, ತುಟಿಯನ್ನು ದುಂಡಗೆ ಮಾಡದೆ ನುಡಿಯುವ ಒಂದು ಬಗೆಯ ಉಕಾರವನ್ನು ಅದರ ಜೊತೆಗೆ ಕಳಿಸುತ್ತಾರೆ. ತದ್ಭವಗಳನ್ನು ಬಲ್ಲ ಕನ್ನಡ ವಿದ್ಯಾರ್ಥಿಗೆ ಕೊರಿಯದ ಬಿರುಸು ತನ್ನ ತರಗತಿಯ ಪಾಠದಂತೆಯೇ ಕಾಣುತ್ತದೆ.

ಇಲ್ಲಿಯವರೆಗೆ ಪದ ಒಂದೇ. ಅದು ಎರಡಾದ ಕಥೆ 1945ರಿಂದ ಮೊದಲಾಗುತ್ತದೆ. ಜಪಾನ್ ಸೋತಿತು, ಕೊರಿಯಾ ಬಿಡುಗಡೆಯಾಯಿತು. ಬಿಡುಗಡೆಯ ಜೊತೆಗೇ ಭೂಪಟದ ಮೇಲೆ 38ನೆಯ ಅಕ್ಷಾಂಶದ ಗೆರೆ ಬಿತ್ತು. ಉತ್ತರಕ್ಕೆ ಸೋವಿಯತ್ ಸೇನೆ, ದಕ್ಷಿಣಕ್ಕೆ ಅಮೆರಿಕದ ಸೇನೆ. 1948ರಲ್ಲಿ ಎರಡು ಸರ್ಕಾರಗಳು, 1950ರಿಂದ 1953ರವರೆಗೆ ಅಣ್ಣತಮ್ಮಂದಿರ ಯುದ್ಧ, ಆಮೇಲೆ ಇಂದಿನವರೆಗೆ ಮುಳ್ಳುತಂತಿ. ಸೇನೆಗಳ ಹಿಂದೆ ಅಧ್ಯಾಪಕರು ಬಂದರು, ಅಧ್ಯಾಪಕರ ಹಿಂದೆ ಪುಸ್ತಕಗಳು ಬಂದವು, ಪುಸ್ತಕಗಳ ಜೊತೆಗೆ ಉಚ್ಚಾರಣೆಗಳೂ ಬಂದವು.

ಉತ್ತರದ ಹೊಸ ಗುರುಗಳು ರಷ್ಯನ್ನರು. ರಷ್ಯನ್ ಭಾಷೆಯಲ್ಲಿಯೂ ಈ ಪದದ ಉಚ್ಚಾರಣೆ ‘ವಿರುಸ್’. ಜರ್ಮನರ ಮೂಲಕ ಬಂದ ಬಿರುಸನ್ನು ಅದು ಅಲುಗಿಸುವ ಬದಲು ಇನ್ನಷ್ಟು ಗಟ್ಟಿಮಾಡಿತು. ಹಳೆಯ ಗುರು ಹೋಗಿ ಹೊಸ ಗುರು ಬಂದರೂ ಶಿಷ್ಯನು ಪಾಠವನ್ನು ತಿದ್ದಿಕೊಳ್ಳಬೇಕಾಗಲಿಲ್ಲ. ದಕ್ಷಿಣದಲ್ಲಿ ಆದದ್ದು ಬೇರೆ. ಅಲ್ಲಿಗೆ ಅಮೆರಿಕದ ಪುಸ್ತಕಗಳು, ಔಷಧಿಗಳು, ಸಲಹೆಗಾರರು ಬಂದರು. 1954ರಲ್ಲಿ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾನಿಲಯಕ್ಕೂ ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯಕ್ಕೂ ಒಂದು ಒಪ್ಪಂದವಾಯಿತು. ಅದರ ಆಶ್ರಯದಲ್ಲಿ ವೈದ್ಯ, ಕೃಷಿ, ಎಂಜಿನಿಯರಿಂಗ್ ವಿಭಾಗಗಳ ಇನ್ನೂರಕ್ಕೂ ಹೆಚ್ಚು ಅಧ್ಯಾಪಕರು ಮಿನೆಸೋಟಕ್ಕೆ ಹೋಗಿ ಕಲಿತು ಬಂದರು. ಹೋಗುವಾಗ ಅವರ ಬಾಯಲ್ಲಿದ್ದುದು ಬಿರುಸು. ಅಲ್ಲಿ ಕಿವಿಗೆ ಬಿದ್ದದ್ದು ಇಂಗ್ಲಿಷಿನ ‘ವೈರಸ್’. ಅದನ್ನು ಕೊರಿಯದ ಅಕ್ಷರಗಳಲ್ಲಿ ಬಿಡಿಸಿ ಬರೆದರೆ ಬಾ, ಇ, ರೊ, ಸು ಎಂಬ ನಾಲ್ಕು ಉಚ್ಚಾರಗಳಾಗುತ್ತವೆ. ದಕ್ಷಿಣದ ಪುಸ್ತಕಗಳಲ್ಲಿ ಕೆಲವು ಕಾಲ ಎರಡು ರೂಪಗಳೂ ಅಕ್ಕಪಕ್ಕದಲ್ಲಿ ಬಾಳಿದವು. ಹಳೆಯ ತಲೆಮಾರು ಸರಿದಂತೆ ಬಿರುಸು ಸರಿಯಿತು; ಬಾಇರೊಸು ನಿಂತಿತು.

ಇದು ಒಂದೇ ಪದದ ಹಣೆಬರಹವಲ್ಲ. ರೋಗ ಬಾರದಂತೆ ಹಾಕುವ ಲಸಿಕೆಯನ್ನು ಜಪಾನೀಯರು ಜರ್ಮನ್ ಪದದಿಂದ ‘ವಾಕುಚಿನ್’ ಎಂದು ಮಾಡಿಕೊಂಡಿದ್ದರು. ಉತ್ತರದಲ್ಲಿ ಅದು ಇಂದಿಗೂ ‘ವಾಕ್ಚಿನ್’. ದಕ್ಷಿಣದಲ್ಲಿ ಇಂಗ್ಲಿಷನ್ನು ಅನುಸರಿಸಿ ‘ಬೆಕ್ಸಿನ್’. ಉಳುವ ಟ್ರ್ಯಾಕ್ಟರಿಗೆ ಉತ್ತರದವರು ರಷ್ಯನ್ ಧಾಟಿಯಲ್ಲಿ ‘ತುರಾಕ್ತೊರು’ ಎಂದರೆ ದಕ್ಷಿಣದವರು ‘ಥುರೆಕ್ಥೊ’ ಎನ್ನುತ್ತಾರೆ. ಶಕ್ತಿ ಎಂಬರ್ಥದ ಪದ ಅಲ್ಲಿ ‘ಎನೆರುಗಿ’, ಇಲ್ಲಿ ‘ಎನೊಜಿ’. ಪದಗಳು ಸುಮ್ಮನೆ ಬರಲಿಲ್ಲ. ಯಾರ ಕೈಯಿಂದ ಈಸಿಕೊಂಡದ್ದು ಎಂಬ ಮುದ್ರೆಯನ್ನು ಒತ್ತಿಸಿಕೊಂಡೇ ಬಂದವು. ಪದದ ಕುಲ ಒಂದು, ಅದು ನಡೆದುಬಂದ ದಾರಿ ಇನ್ನೊಂದು. ನಿಘಂಟುಗಳು ಕುಲವನ್ನು ಹೇಳುತ್ತವೆ; ದಾರಿಯನ್ನು ಹೇಳುವುದು ಪದದ ಮೈಮೇಲಿನ ಧೂಳು.

ಹಾಗೆಂದು ಎಲ್ಲವೂ ಲೆಕ್ಕದಂತೆಯೇ ನಡೆಯಿತೆಂದು ತಿಳಿಯಬಾರದು. ಒಗ್ಗದ ವಸ್ತುವಿನಿಂದ ಮೈ ತುರಿಸುವ ಅಲರ್ಜಿಗೆ ದಕ್ಷಿಣದ ನಿಘಂಟಿನಲ್ಲಿ ಇಂದಿಗೂ ಪ್ರಮಾಣವಾದ ರೂಪ ‘ಅಲ್ಲೆರುಗಿ’, ಅಂದರೆ ಜರ್ಮನ್ ರೂಪ. ಮುರಿದ ಕೈಯ ಪಟ್ಟಿಗೂ ಅದೇ ಹಳೆಯ ಜರ್ಮನ್ ಹೆಸರು. ದಕ್ಷಿಣದ ಸರ್ಕಾರ 1986ರಲ್ಲಿ ಪರಭಾಷಾ ಪದಗಳ ಬರಹಕ್ಕೆ ನಿಯಮಗಳನ್ನು ವಿಧಿಸಿದಾಗ, ಇರುವ 24 ಅಕ್ಷರಗಳಲ್ಲಿಯೇ ಬರೆಯಬೇಕು, ಹೊಸ ಅಕ್ಷರಗಳನ್ನು ಹುಟ್ಟಿಸಕೂಡದು ಎಂದು ಕಟ್ಟುಮಾಡಿತು. ಅದರ ಜೊತೆಗೇ, ಈಗಾಗಲೇ ಬೇರೂರಿದ ರೂಪಗಳ ಬಳಕೆಯನ್ನು ಗೌರವಿಸಬೇಕೆಂದೂ ಹೇಳಿತು. ವಿವೇಕದ ಮಾತು. ನಾಲಗೆಯ ಮೇಲೆ ಸರ್ಕಾರಗಳ ಅಧಿಕಾರ ಸ್ವಲ್ಪ ದೂರದವರೆಗೆ ಮಾತ್ರ ನಡೆಯುತ್ತದೆ.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ ತಿರುವೊಂದಿದೆ. ಬೀರುಸು ಎಂಬ ರೂಪವನ್ನು ಕೊಟ್ಟ ಜಪಾನಿನಲ್ಲಿಯೇ ಇಂದು ಅದು ಬಳಕೆಯಲ್ಲಿಲ್ಲ. 1953ರಲ್ಲಿ ಅಲ್ಲಿ ವೈರಸ್ ವಿಜ್ಞಾನಿಗಳ ಸಂಘ ಹುಟ್ಟಿದಾಗ, ಜರ್ಮನ್ ಉಚ್ಚಾರಣೆಯನ್ನು ಬಿಟ್ಟು, ಪ್ರಾಚೀನ ಲ್ಯಾಟಿನ್ನಿಗೆ ಹತ್ತಿರವಾದ ‘ಉಇರುಸು’ ಎಂಬ ರೂಪವನ್ನು ಆರಿಸಿಕೊಂಡರು. ಕೆಲಕಾಲದ ಗೊಂದಲದ ಬಳಿಕ ಅದೇ ನಿಂತಿತು. ಹೀಗಾಗಿ ಕೊಟ್ಟವನ ಮನೆಯಲ್ಲಿ ಸಾಮಾನು ಇಲ್ಲ, ಕೊಂಡವನ ಮನೆಯ ಅಟ್ಟದಲ್ಲಿ ಜೋಪಾನವಾಗಿದೆ. ಅದೂ ಜಪಾನಿನ ಆಳಿಕೆಯ ನೆನಪನ್ನೇ ಅಳಿಸಬೇಕೆಂದು ಪಣ ತೊಟ್ಟ ಉತ್ತರ ಕೊರಿಯಾದಲ್ಲಿ! ಪದಗಳಿಗೆ ರಾಜಕೀಯ ಅಂಟುತ್ತದೆ, ನಿಜ. ಆದರೆ ಅವು ರಾಜಕೀಯದ ಮಾತನ್ನು ಪೂರ್ತಿಯಾಗಿ ಕೇಳುವುದಿಲ್ಲ.

ಒಂದು ನುಡಿಯೊಳಗೆ ಒಂದೇ ವಸ್ತುವಿಗೆ ಎರಡು ಹೆಸರಿದ್ದರೆ ಮುಳುಗಿದ್ದೇನು ಎಂದು ಕೇಳಬಹುದು. ನಮ್ಮಲ್ಲಿಯೇ ನೋಡಿ. ಮೈಸೂರು ಸೀಮೆಯವರು ಆಸ್ಪತ್ರೆಗೆ ಹೋಗುತ್ತಾರೆ. ಧಾರವಾಡ, ಕಲಬುರ್ಗಿಗಳ ಕಡೆಯವರು ದವಾಖಾನೆಗೆ ಹೋಗುತ್ತಾರೆ. ಒಂದು ಪದ ಇಂಗ್ಲಿಷಿನ ದಾರಿಯಲ್ಲಿ ಬಂದದ್ದು, ಇನ್ನೊಂದು ಫಾರಸಿಯ ದಾರಿಯಲ್ಲಿ ಬಂದದ್ದು. ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದ ಗುರುತು ಅದು. ಆದರೆ 1956ರಲ್ಲಿ ನಾಡು ಒಂದಾಯಿತು. ಹುಬ್ಬಳ್ಳಿಯ ಹೆಣ್ಣು ಮಂಡ್ಯಕ್ಕೆ ಸೊಸೆಯಾಗಿ ಬಂದಳು, ಮೈಸೂರಿನ ಮೇಷ್ಟರು ಬೀದರಿಗೆ ವರ್ಗವಾಗಿ ಹೋದರು. ಎರಡು ಪದಗಳೂ ಒಂದೇ ಮನೆಯ ಎರಡು ಬಾಗಿಲುಗಳಾದವು. ಯಾವ ಬಾಗಿಲಿಂದ ಬಂದರೂ ಒಳಗಿರುವುದು ಅದೇ ಹಜಾರ.

ಕೊರಿಯಾದವರಿಗೆ ಆ ಭಾಗ್ಯವಿಲ್ಲ. ಅಲ್ಲಿ ಹೆಣ್ಣು ಕೊಟ್ಟು ತರುವುದಿರಲಿ, ಒಂದು ಕಾಗದ ಹೋಗಿ ಬರುವಂತಿಲ್ಲ. ಉತ್ತರದಿಂದ ತಪ್ಪಿಸಿಕೊಂಡು ದಕ್ಷಿಣಕ್ಕೆ ಬಂದು ನೆಲೆಸಿದವರ ಸಂಖ್ಯೆ ಈಗ 30,000ವನ್ನು ಮೀರಿದೆ. ಅವರಲ್ಲಿ ಒಬ್ಬ ತಾಯಿ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಸೋಲ್ ನಗರದ ಚಿಕಿತ್ಸಾಲಯಕ್ಕೆ ಹೋಗಿ, ಮಗುವಿಗೆ ವಾಕ್ಚಿನ್ ಹಾಕಿಸಬೇಕು ಎಂದು ಕೇಳುವುದನ್ನು ಊಹಿಸಿಕೊಳ್ಳಿ. ಎದುರಿಗೆ ಕುಳಿತ ಎಳೆಯ ದಾದಿಗೆ ಅದು ಅಜ್ಜನ ಕಾಲದ ಪದ. ದಾದಿ ಒಂದು ಕ್ಷಣ ತಡೆದು ಮುಖ ನೋಡುತ್ತಾಳೆ. ತಾಯಿಗೆ ಅಷ್ಟು ಸಾಕು. ತಾನು ಹೊರಗಿನವಳೆಂಬುದು ತಿಳಿದುಹೋಗುತ್ತದೆ. ಆಡಿದ್ದು ತಾಯ್ನುಡಿಯೇ, ಕೇಳಿದವಳದೂ ಅದೇ ತಾಯ್ನುಡಿ. ನಡುವೆ ನಿಂತದ್ದು ಒಂದು ಎರವಲು ಪದ.

ಗೆರೆಯ ಆಚೆ ಇದು ಇನ್ನೂ ಘೋರವಾಗಿದೆ. 2023ರ ಜನವರಿಯಲ್ಲಿ ಉತ್ತರದ ಸರ್ಕಾರ ರಾಜಧಾನಿಯ ನುಡಿಯನ್ನು ಕಾಪಾಡುವ ಹೆಸರಿನಲ್ಲಿ ಒಂದು ಶಾಸನ ಮಾಡಿತು. ದಕ್ಷಿಣದವರ ಮಾತಿನ ಧಾಟಿಯನ್ನೂ ಪದಗಳನ್ನೂ ಅನುಕರಿಸುವುದು ಅದರ ಪ್ರಕಾರ ಕಠಿಣ ಶಿಕ್ಷೆಗೆ ಗುರಿಯಾಗುವ ಅಪರಾಧ. ನಾಲಗೆ ತಪ್ಪಿದರೆ ಸೆರೆಮನೆ ಎನ್ನುವ ಕಡೆ, ಪದಗಳ ವಿಚಾರ ಪಂಡಿತರ ಹರಟೆಯಾಗಿ ಉಳಿಯುವುದಿಲ್ಲ.

ಈ ಕ್ರೌರ್ಯ ಆ ನುಡಿಗೆ ಹೊಸದಲ್ಲವೆಂಬುದು ದುಃಖದ ಮಾತು. 1942ರಲ್ಲಿ, ಜಪಾನೀಯರು ಆಳುತ್ತಿದ್ದಾಗ, ಕೊರಿಯದ ಮಹಾನಿಘಂಟನ್ನು ಸಿದ್ಧಪಡಿಸುತ್ತಿದ್ದ ವಿದ್ವಾಂಸರನ್ನು ಪೊಲೀಸರು ಹಿಡಿದರು. ಇಬ್ಬರು ಸೆರೆಮನೆಯಲ್ಲೇ ಪ್ರಾಣ ಬಿಟ್ಟರು. ಹಸ್ತಪ್ರತಿಯನ್ನು ಅಪರಾಧದ ಸಾಕ್ಷಿಯೆಂದು ಜಫ್ತಿ ಮಾಡಿ ಒಯ್ದರು. ಬಿಡುಗಡೆಯಾದ ಮರುತಿಂಗಳು, 1945ರ ಸೆಪ್ಟೆಂಬರಿನಲ್ಲಿ, ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಆ ಕಾಗದದ ಕಟ್ಟುಗಳು ಸಿಕ್ಕವು. 1947ರಲ್ಲಿ ಮೊದಲ ಸಂಪುಟ ಹೊರಬಂತು, 1957ರಲ್ಲಿ ಆರನೆಯದು. ಒಂದು ನುಡಿಯ ಪದಗಳನ್ನೆಲ್ಲ ಒಂದೆಡೆ ಸೇರಿಸಬೇಕೆಂದು ಪ್ರಾಣ ತೆತ್ತವರ ನಾಡು ಅದು. ಸಂಪುಟಗಳು ಮುಗಿಯುವ ಹೊತ್ತಿಗೆ ನಾಡೇ ಒಂದೆಡೆ ಇರಲಿಲ್ಲ. ಮತ್ತೆ 2005ರಲ್ಲಿ ಎರಡೂ ಕಡೆಯ ವಿದ್ವಾಂಸರು ಕೂಡಿ ಕುಳಿತು ಸಮಗ್ರ ನಿಘಂಟೊಂದನ್ನು ಆರಂಭಿಸಿದರು. ಬಿರುಸು, ಬಾಇರೊಸುಗಳಂತಹ ಜೋಡಿಗಳನ್ನು ಎದುರುಬದುರು ಇಟ್ಟು ಮಾತಾಡುವ ಅವಕಾಶ ಅದು. ಹತ್ತು ವರ್ಷಗಳಲ್ಲಿ ಅನೇಕ ಸಭೆಗಳು ನಡೆದವು. ಆಮೇಲೆ ರಾಜಕೀಯ ಕೆಟ್ಟು ಸಭೆಗಳು ನಿಂತವು.

ಇಷ್ಟೇ ಆಗಿದ್ದರೆ ಇದು ಎರವಲಿನ ಮತ್ತು ಒಡಕಿನ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಸಾಲ ತಂದವರು ಬಡ್ಡಿಯೊಡನೆ ಹಿಂದಿರುಗಿಸಿದ ಒಂದು ಪ್ರಕರಣವೂ ಇದೆ. ಯುದ್ಧದ ಕಾಲದಲ್ಲಿ, 1951ರಿಂದ ಮುಂದೆ, ವಿಶ್ವಸಂಸ್ಥೆಯ ಪಡೆಗಳ 3,000ಕ್ಕೂ ಹೆಚ್ಚು ಸೈನಿಕರು ಒಂದು ಭಯಂಕರ ಜ್ವರಕ್ಕೆ ತುತ್ತಾದರು. ಮೈಯೊಳಗೆ ರಕ್ತಸ್ರಾವ, ಮೂತ್ರಪಿಂಡಗಳ ಸೋಲು. ಕಾರಣ ಯಾರಿಗೂ ಹೊಳೆಯಲಿಲ್ಲ. ಅದನ್ನು ಕಂಡುಹಿಡಿದವರು ಈ ಹೋವಾಂಗ್ ಎಂಬ ಕೊರಿಯದ ವೈದ್ಯ ವಿಜ್ಞಾನಿ. 1928ರಲ್ಲಿ ಅವರು ಹುಟ್ಟಿದ್ದು ಇಂದಿನ ಉತ್ತರಕ್ಕೆ ಸೇರಿದ ಸೀಮೆಯಲ್ಲಿ, ಬಾಳಿದ್ದು ದಕ್ಷಿಣದಲ್ಲಿ. ಮಿನೆಸೋಟಕ್ಕೆ ಹೋಗಿ 1959ರಲ್ಲಿ ಡಾಕ್ಟರೇಟ್ ಪಡೆದು ಬಂದವರಲ್ಲಿ ಅವರೂ ಒಬ್ಬರು. ಬಿರುಸನ್ನು ಬಾಇರೊಸು ಮಾಡಿದ ತಲೆಮಾರು ಎಂದರೆ ಇವರದೇ. 1976ರಲ್ಲಿ, ಹಂತಾನ್ ಎಂಬ ನದಿಯ ಬಳಿ ಹಿಡಿದ ಪಟ್ಟೆಬೆನ್ನಿನ ಹೊಲದ ಇಲಿಗಳ ಶ್ವಾಸಕೋಶದಲ್ಲಿ ಆ ರೋಗದ ವೈರಸ್ಸಿನ ಸುಳಿವು ಅವರಿಗೆ ಸಿಕ್ಕಿತು. ವೈರಸ್ಸಿಗೆ ನದಿಯ ಹೆಸರನ್ನೇ ಇಟ್ಟರು. ಮುಂದೆ ಅದರ ಬಳಗಕ್ಕೆಲ್ಲ ‘ಹಂತಾ ವೈರಸ್’ ಎಂಬ ಹೆಸರು ನಿಂತಿತು. ಅವರು ತೀರಿಕೊಂಡದ್ದು 2022ರಲ್ಲಿ.

ಆ ನದಿಯ ವಿಚಾರ ಎರಡು ಮಾತು ಹೇಳದೆ ಇರಲಾರೆ. ಹಂತಾನ್ ಹುಟ್ಟುವುದು ಉತ್ತರ ಕೊರಿಯಾದ ಬೆಟ್ಟಗಳಲ್ಲಿ. ಅದು ಸೇನೆಗಳು ಕಾಯುವ ಗಡಿಯನ್ನು ದಾಟಿ ದಕ್ಷಿಣಕ್ಕೆ ಹರಿದು ಇಮ್‌ಜಿನ್ ನದಿಯನ್ನು ಸೇರುತ್ತದೆ. ಅದನ್ನು ತಡೆದು ರಹದಾರಿ ಕೇಳುವವರಿಲ್ಲ. ಹೆಸರನ್ನು ಬರೆಯುವ ಚೀನೀ ಅಕ್ಷರಗಳ ಅರ್ಥ ದೊಡ್ಡ ರಭಸದ ಹೊಳೆ ಎಂದು. ಆದರೆ ಅದೇ ಉಚ್ಚಾರಣೆಯ ಇನ್ನೊಂದು ಕೊರಿಯ ಪದಕ್ಕೆ ದುಃಖದ ನಿಟ್ಟುಸಿರು ಎಂಬ ಅರ್ಥವಿದೆ. ಯುದ್ಧವನ್ನು ಕಂಡ ಜನ ಆ ನದಿಯ ಹೆಸರಿನಲ್ಲಿ ನಿಟ್ಟುಸಿರನ್ನು ಕೇಳಿಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ರಭಸದ ಹೊಳೆಯನ್ನು ಕನ್ನಡದಲ್ಲಿ ಬಿರುಸಿನ ಹೊಳೆ ಎನ್ನಲೂಬಹುದು. ಇದು ಕೂಡ ಆಕಸ್ಮಿಕವೇ. ನೆಂಟಸ್ತಿಕೆಯಲ್ಲವೆಂದು ಮೊದಲೇ ಎಚ್ಚರಿಸಿದ್ದೇನೆ.

ಹೀಗೆ ಕೊರಿಯಾದ ಒಂದು ಹೊಳೆಯ ಹೆಸರು ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಅಚ್ಚಾಗುತ್ತಿದೆ. ನಮ್ಮದೂ ಒಂದು ಹೆಸರು ಆ ಪಂಕ್ತಿಯಲ್ಲಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಜನರಿಗೂ ಜ್ವರ ಹತ್ತಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು, ಉಣುಗುಗಳ ಕಡಿತದಿಂದ ಹರಡುವ ಹೊಸ ವೈರಸ್ಸೊಂದನ್ನು ಕಂಡುಹಿಡಿದರು. ನಾವು ಮಂಗನ ಕಾಯಿಲೆ ಎನ್ನುವ ಆ ರೋಗವನ್ನು ಜಗತ್ತು ಕ್ಯಾಸನೂರಿನ ಹೆಸರಿನಿಂದಲೇ ಬಲ್ಲದು. ಇಂತಹ ಕೀರ್ತಿಯನ್ನು ಯಾವ ಊರೂ ಬಯಸಲಾರದು. 1993ರಲ್ಲಿ ಅಮೆರಿಕದಲ್ಲಿ ಹಂತಾ ಬಳಗದ ಮತ್ತೊಂದು ವೈರಸ್ ಕಾಣಿಸಿಕೊಂಡಾಗ, ತಮ್ಮ ನೆಲದ ಹೆಸರನ್ನು ಅದಕ್ಕೆ ಇಡಬಾರದೆಂದು ಅಲ್ಲಿನ ಜನ ಹಟ ಹಿಡಿದರು. ಕೊನೆಗೆ ಅದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಹೆಸರಿಲ್ಲದ್ದು’ ಎಂದೇ ಹೆಸರಿಟ್ಟರು!

ಕನ್ನಡದಲ್ಲಿ ನಾವು ವೈರಸ್ ಎಂಬುದನ್ನು ಇಂಗ್ಲಿಷಿನ ಕೈಯಿಂದ ಈಸಿಕೊಂಡೆವು. ಅದು ನಮ್ಮ ಚರಿತ್ರೆಯ ದಾರಿ. ಅದರ ಪಕ್ಕದಲ್ಲಿ ‘ವೈರಾಣು’ ಎಂಬ ಸೊಗಸಾದ ಪದವನ್ನೂ ಕಟ್ಟಿಕೊಂಡೆವು. ದನಿಗೆ ದನಿ ಸೇರಿದೆ, ವೈರ ಸಾಧಿಸುವ ಅಣು ಎಂಬ ಅರ್ಥವೂ ಕೂಡಿದೆ. ಆದರೂ ಒಮ್ಮೊಮ್ಮೆ ನನಗನ್ನಿಸುತ್ತದೆ, ವೈರವನ್ನು ಆ ಅಣುವಿನ ತಲೆಗೆ ಕಟ್ಟುವುದು ಎಷ್ಟು ನ್ಯಾಯ? ಅದಕ್ಕೆ ಗಡಿಯಿಲ್ಲ, ಪಕ್ಷವಿಲ್ಲ. ಉತ್ತರದ ಗಂಟಲು ದಕ್ಷಿಣದ ಗಂಟಲು ಎಂಬ ಭೇದವನ್ನು ಅದು ಅರಿಯದು. ಒಂದೇ ಗಂಟಲಿನ ನೋವಿಗೆ ಎರಡು ಹೆಸರಿಟ್ಟು, ಹೆಸರುಗಳ ನಡುವೆ ಮುಳ್ಳುತಂತಿ ಎಳೆದವರು ಮನುಷ್ಯರು. ಮೊನ್ನೆ ಮತ್ತೆ ರೇಡಿಯೋ ಹಚ್ಚಿದಾಗ ಉತ್ತರದ ದನಿಯೂ ದಕ್ಷಿಣದ ದನಿಯೂ ಒಂದರ ಮೇಲೊಂದು ಬಂದು ಕಲೆತುಹೋದವು. ಗುಂಡಿ ತಿರುಗಿಸಿ ಅವನ್ನು ಬೇರ್ಪಡಿಸಬೇಕೆಂದು ನನಗೆ ತೋರಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಕೇಳುತ್ತ ಕುಳಿತೆ.